ಉಡುಪಿನಲ್ಲಿ ಪ್ರಕೃತಿ: ಜಪಾನಿನ ‘ಮೋರಿ’ ಶೈಲಿ, ಮಲೆನಾಡಿನ ಚರಕ ಮತ್ತು ನಮ್ಮ ಕಂಬಳಿ

ಇತಿಹಾಸದ ಅಭ್ಯಾಸಿಗಳು ಶಾಸನಗಳನ್ನೂ ನಾಣ್ಯಗಳನ್ನೂ ದಾಖಲೆಗಳನ್ನೂ ಆಧಾರಗಳೆಂದು ಸ್ವೀಕರಿಸುವಷ್ಟು ಸುಲಭವಾಗಿ ಉಡುಪನ್ನು ಸ್ವೀಕರಿಸುವುದಿಲ್ಲ. ಇದಕ್ಕೆ ಕಾರಣವೂ ಇದೆ. ಕಲ್ಲು ಉಳಿಯುತ್ತದೆ, ಬಟ್ಟೆ ಹರಿಯುತ್ತದೆ. ಆದರೆ ಒಂದು ಕಾಲದ ಜನ ತಮ್ಮನ್ನು ತಾವು ಏನೆಂದು ಭಾವಿಸಿಕೊಂಡಿದ್ದರು, ಏನಾಗಿ ಕಾಣಿಸಿಕೊಳ್ಳಲು ಬಯಸಿದ್ದರು ಎಂಬುದನ್ನು ಅವರ ಉಡುಪಿನಷ್ಟು ನೇರವಾಗಿ ತಿಳಿಸುವ ಸಾಧನ ಬೇರೊಂದಿಲ್ಲ. ಈ ಲೇಖನದಲ್ಲಿ ನಾವು ಅಂಥ ಒಂದು ಬಯಕೆಯನ್ನು, ಎಂದರೆ ಪ್ರಕೃತಿಗೆ ಹತ್ತಿರವಾಗಿ ಕಾಣಿಸಿಕೊಳ್ಳಬೇಕೆಂಬ ಬಯಕೆಯನ್ನು, ಮೂರು ನಿದರ್ಶನಗಳ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಮೊದಲನೆಯದು ಜಪಾನಿನ ಬೀದಿಗಳಲ್ಲಿ 2006ರ ಅನಂತರ ಪ್ರಚಾರಕ್ಕೆ ಬಂದ ‘ಮೋರಿ’ ಶೈಲಿ ಮತ್ತು ಅದನ್ನು ರೂಪಿಸಿದ ಬಟ್ಟೆಯ ಮಾರ್ಕುಗಳು. ಎರಡನೆಯದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಚರಕ ಸಂಸ್ಥೆ ಮತ್ತು ಅದರ ಬಟ್ಟೆಗಳನ್ನು ಮಾರುವ ‘ದೇಸಿ’. ಮೂರನೆಯದು ಯಾವ ಮಾರ್ಕೂ ಇಲ್ಲದ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆಲ್ಲ ಪರಿಚಿತವಾದ ಕಂಬಳಿ.

ಇವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವೇ ಎಂದು ಕೆಲವರು ಕೇಳಬಹುದು. ‘ನೈಸರ್ಗಿಕ’ ಎಂಬ ಶಬ್ದ ಇಂದು ಅಂಗಡಿಯ ಹಲಗೆಗಳ ಮೇಲೆ ಎಷ್ಟು ಅಗ್ಗವಾಗಿದೆಯೆಂದರೆ, ಅದರ ಅರ್ಥವನ್ನು ಬಿಡಿಸಿ ನೋಡದೆ ನಮ್ಮ ನೇಕಾರರ ಭವಿಷ್ಯವನ್ನು ಕುರಿತು ಒಂದು ಮಾತನ್ನೂ ಸರಿಯಾಗಿ ಆಡಲಾಗುವುದಿಲ್ಲ. ಆದುದರಿಂದ ಈ ಹೋಲಿಕೆ ಅಗತ್ಯವಾಗಿದೆ.

1

ಉಡುಪಿನಲ್ಲಿ ಪ್ರಕೃತಿ ಮೂರು ಬಗೆಯಲ್ಲಿ ಬರಬಹುದು. ಮೊದಲನೆಯದು ರೂಪ. ಬಟ್ಟೆಯ ಬಣ್ಣ, ಚಿತ್ತಾರ, ಕತ್ತರಿಸಿದ ಬಗೆ ಇವು ಎಲೆಯನ್ನೋ ಹೂವನ್ನೋ ಮಣ್ಣನ್ನೋ ನೆನಪಿಗೆ ತರುವುದು. ಎರಡನೆಯದು ದ್ರವ್ಯ. ನೂಲೂ ಬಣ್ಣವೂ ಗಿಡದಿಂದಲೋ ಪ್ರಾಣಿಯಿಂದಲೋ ಬಂದಿರುವುದು. ಮೂರನೆಯದು ಕ್ರಮ. ಬಟ್ಟೆಯನ್ನು ಮಾಡುವ ರೀತಿ, ಮಾಡಿದವರಿಗೂ ತೊಟ್ಟವರಿಗೂ ಇರುವ ಸಂಬಂಧ, ಬಟ್ಟೆ ಹಳತಾದ ಮೇಲೆ ಅದು ಸೇರುವ ಸ್ಥಳ, ಇವೆಲ್ಲ ನೆಲದ ಶಕ್ತಿಗೂ ಮನುಷ್ಯನ ಮೈಯ ಶಕ್ತಿಗೂ ಮೀರದಂತಿರುವುದು.

ಈ ಮೂರೂ ಜೊತೆಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ನವಿಲು, ಆನೆ, ತುಳಸಿಕಟ್ಟೆಗಳ ರೂಪಗಳನ್ನು ದಾರದ ಎಳೆಗಳನ್ನೆಣಿಸಿ ಕೈಯಿಂದಲೇ ಹೊಲಿಯುತ್ತಾರೆ. ಅಲ್ಲಿ ರೂಪವೂ ಕ್ರಮವೂ ಕೂಡಿವೆ. ಅದೇ ನವಿಲನ್ನು ಯಂತ್ರವು ನೈಲಾನಿನ ಮೇಲೆ ಗಳಿಗೆಗೆ ನೂರರಂತೆ ಅಚ್ಚೊತ್ತಿದರೆ ರೂಪವೊಂದೇ ಉಳಿಯುತ್ತದೆ. ರೂಪ ಕೀಳೆಂದು ನಾವು ಹೇಳುತ್ತಿಲ್ಲ. ರೂಪವನ್ನು ತೋರಿಸಿ ಉಳಿದೆರಡರ ಬೆಲೆಯನ್ನೂ ವಸೂಲು ಮಾಡುವ ವ್ಯಾಪಾರವನ್ನು ಗುರುತಿಸಬೇಕೆಂಬುದಷ್ಟೇ ನಮ್ಮ ಮಾತು.

2

‘ಮೋರಿ’ ಎಂಬ ಶಬ್ದ ನಮ್ಮ ಕಿವಿಗೆ ಬೇರೆಯೇ ಅರ್ಥವನ್ನು ತರುತ್ತದೆ. ಜಪಾನೀ ಭಾಷೆಯಲ್ಲಿ ಅದಕ್ಕೆ ಕಾಡು ಎಂದು ಅರ್ಥ. ‘ಮೋರಿ ಗರ್ಲ್’ ಎಂದರೆ ಕಾಡಿನ ಹುಡುಗಿ. ಕಾಡಿನಿಂದ ಈಗತಾನೆ ಎದ್ದು ಬಂದಂತೆ ತೋರುವ ಉಡುಪು ಎಂಬ ಭಾವನೆಯಿಂದ ಈ ಹೆಸರು ಹುಟ್ಟಿತು. 2004ರಲ್ಲಿ ಆರಂಭವಾದ ‘ಮಿಕ್ಸಿ’ ಎಂಬ ಜಪಾನೀ ಸಾಮಾಜಿಕ ಜಾಲದಲ್ಲಿ 2006ರಲ್ಲಿ ಈ ಹೆಸರಿನ ಒಂದು ಕೂಟವು ಏರ್ಪಟ್ಟು, ಕಾಡಿನ ಹುಡುಗಿಯ ಲಕ್ಷಣಗಳ ದೀರ್ಘವಾದ ಪಟ್ಟಿಯೊಂದು ಅಲ್ಲಿ ಸಿದ್ಧವಾಯಿತು. ಸಡಿಲವಾದ ಉದ್ದನೆಯ ಅಂಗಿ, ಒಂದರ ಮೇಲೊಂದು ತೊಟ್ಟ ಪದರಗಳು, ಹತ್ತಿ, ನಾರುಬಟ್ಟೆ, ಉಣ್ಣೆ, ಕೈಹೆಣಿಗೆಯ ಲೇಸು, ಕೆನೆ ಬಿಳುಪು, ಮಣ್ಣಿನ ಕಂದು, ಪಾಚಿಯ ಹಸುರು, ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತಂಥ ಹಳೆಯ ಒಡವೆ, ಇವು ಅದರ ಮುಖ್ಯ ಲಕ್ಷಣಗಳು. ಅದೇ 2006ರಲ್ಲಿ ತೆರೆಗೆ ಬಂದ ‘ಹನಿ ಅಂಡ್ ಕ್ಲೋವರ್’ ಚಲನಚಿತ್ರದಲ್ಲಿ ನಟಿ ಆವೋಯಿ ಯೂ ಅವರು ವಹಿಸಿದ ಪಾತ್ರವನ್ನು ಈ ಶೈಲಿಯ ಮಾದರಿಯೆಂದು ಅಭಿಮಾನಿಗಳು ಎತ್ತಿ ಹೇಳುವುದು ರೂಢಿಯಾಯಿತು. 2009ರ ಸುಮಾರಿಗೆ ಈ ಶೈಲಿಗೇ ಮೀಸಲಾದ ಪ್ರಕಟಣೆಗಳೂ ಹೊರಬಂದವು. ಮುಂದಿನ ಕೆಲವೇ ವರ್ಷಗಳಲ್ಲಿ ಜಪಾನಿನಲ್ಲಿ ಅದರ ಉಬ್ಬರ ಇಳಿದುಹೋಯಿತು. ಪರದೇಶಗಳಲ್ಲಿ ಅದನ್ನು ಅನುಸರಿಸುವವರು ಆಮೇಲೂ ಉಳಿದರು.

ಈ ಶೈಲಿಯು ಆಕಾಶದಿಂದ ಉದುರಿದುದಲ್ಲ. ಇದಕ್ಕೆ ಹಿಂದಿನ ಮೂರು ದಶಕಗಳ ಸಿದ್ಧತೆಯಿತ್ತು. 1970ರ ದಶಕದಲ್ಲಿ ವಿನ್ಯಾಸಕಾರ ಕಾನೆಕೊ ಇಸಾವೊ ಅವರ ‘ಪಿಂಕ್ ಹೌಸ್’ ಹೂವಿನ ಅಚ್ಚು, ನೆರಿಗೆ, ಪದರಗಳಿಂದ ಕೂಡಿದ ಅಗಲವಾದ ಉಡುಪುಗಳನ್ನು ಮಾರುಕಟ್ಟೆಗೆ ತಂದಿತು. ಮೈಯ ಆಕಾರವನ್ನು ಮೆರೆಸುವ ಉಡುಪಿಗೆ ಬದಲಾಗಿ ಮೈಯನ್ನು ಬಟ್ಟೆಯಲ್ಲಿ ಹುದುಗಿಸುವ ಉಡುಪೂ ಸುಂದರವಾಗಬಲ್ಲದೆಂದು ಅದು ತೋರಿಸಿಕೊಟ್ಟಿತು. 1982ರಿಂದ 2003ರವರೆಗೆ ನಡೆದ ‘ಆಲಿವ್’ ಎಂಬ ಪತ್ರಿಕೆಯು ಹದಿಹರೆಯದ ಹೆಣ್ಣುಮಕ್ಕಳಲ್ಲಿ ಇಂಥದೇ ಅಭಿರುಚಿಯನ್ನು ಬೆಳೆಸಿತು. 1980ರಲ್ಲಿ ‘ಸೇಯು’ ಎಂಬ ಅಂಗಡಿಗಳ ಸಮೂಹದಿಂದ ‘ಮುಜಿ’ ಹೊರಟಿತು. ಬಣ್ಣ ಹಾಕದ, ಅಲಂಕಾರವಿಲ್ಲದ ಸಾಮಾನುಗಳೇ ಅದರ ವಿಶೇಷ. 1995ರಲ್ಲಿ ಮಿನಾಗಾವ ಅಕಿರ ಅವರು ‘ಮಿನಾ’ ಎಂಬ ಹೆಸರಿನಲ್ಲಿ ಆರಂಭಿಸಿ 2003ರಲ್ಲಿ ‘ಮಿನಾ ಪೆರ್ಹೋನೆನ್’ ಎಂದು ಹೆಸರು ವಿಸ್ತರಿಸಿದ ಸಂಸ್ಥೆಯು ತನ್ನ ಬಟ್ಟೆಗಳ ಚಿತ್ತಾರಗಳನ್ನು ತಾನೇ ರಚಿಸಿ, ಜಪಾನಿನ ನೇಯ್ಗೆಯ ಊರುಗಳಲ್ಲಿಯೇ ನೇಯಿಸುವ ಪದ್ಧತಿಯನ್ನಿಟ್ಟುಕೊಂಡಿತು. ಪೆರ್ಹೋನೆನ್ ಎಂದರೆ ಫಿನ್‌ಲೆಂಡಿನ ಭಾಷೆಯಲ್ಲಿ ಚಿಟ್ಟೆ. 1999ರಲ್ಲಿ ಒಕಾಯಾಮದ ಸಂಸ್ಥೆಯೊಂದು ‘ಅರ್ಥ್ ಮ್ಯೂಸಿಕ್ ಅಂಡ್ ಇಕಾಲಜಿ’ ಎಂಬ ಮಾರ್ಕನ್ನು ಹೊರಡಿಸಿತು. ಭೂಮಿ, ಸಂಗೀತ, ಪರಿಸರಶಾಸ್ತ್ರ ಮೂರನ್ನೂ ಹೆಸರಿನಲ್ಲಿಯೇ ಹೊತ್ತ ಈ ಮಾರ್ಕು ಸಾಮಾನ್ಯ ಆದಾಯದ ಯುವತಿಯರಿಗೆ ಎಟಕುವ ಬೆಲೆಯಲ್ಲಿ ನಗರಗಳ ಅಂಗಡಿಸಾಲುಗಳಲ್ಲೆಲ್ಲ ಹರಡಿತು. ‘ಸಮಾಂಸ ಮೋಸ್ ಮೋಸ್’ ಮೊದಲಾದುವು ಇದೇ ದಾರಿಯಲ್ಲಿ ಹತ್ತಿ ನಾರುಗಳ ಸಡಿಲ ಉಡುಪುಗಳನ್ನು ಪ್ರಚಾರಗೊಳಿಸಿದವು.

ಇವುಗಳನ್ನು ಮೇಲಿನ ಮೂರು ಬಗೆಗಳಿಂದ ಅಳೆದು ನೋಡಿದರೆ ಮಾರ್ಕುಗಳೆಲ್ಲವೂ ಒಂದೇ ಅಲ್ಲವೆಂಬುದು ವಿದಿತವಾಗುತ್ತದೆ. ಪಿಂಕ್ ಹೌಸಿನ ಕೊಡುಗೆಯು ಬಹುಪಾಲು ರೂಪದ್ದು. ಮುಜಿಯದು ದ್ರವ್ಯದ ಕಡೆಗೆ ಒಲೆದ ರೂಪ. ಮಿನಾ ಪೆರ್ಹೋನೆನ್ ಕ್ರಮದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಬಟ್ಟೆಯು ಒಂದು ಋತುವಿಗೆ ಹಳತಾಗಬಾರದು, ನೇಯುವವನ ಊರು ಬದುಕಬೇಕು ಎಂಬ ವಿಚಾರ ಅದರಲ್ಲಿದೆ. ಆದರೆ ಆ ಬಟ್ಟೆಯ ಬೆಲೆ ಹೆಚ್ಚಿನವರಿಗೆ ನಿಲುಕುವಂಥದಲ್ಲ. ಜನಸಾಮಾನ್ಯರಿಗೆ ನಿಲುಕಿದ ಮಾರ್ಕುಗಳಾದರೋ ದೊಡ್ಡ ಪ್ರಮಾಣದ ಕಾರ್ಖಾನೆಯ ತಯಾರಿಕೆಯನ್ನೂ ಋತುವಿಗೊಮ್ಮೆ ಹೊಸ ಸರಕನ್ನೂ ಅವಲಂಬಿಸಿದುವು. ಕಾಡಿನ ಹುಡುಗಿಯಾಗಬಯಸಿದವಳು ಹೆಚ್ಚಾಗಿ ಕೊಂಡದ್ದು ಕಾಡಿನ ನೆರಳನ್ನು ಮಾತ್ರ.

ಹಾಗೆಂದು ಈ ಶೈಲಿಯನ್ನು ಬರಿಯ ಸೋಗು ಎಂದು ತಳ್ಳಿಹಾಕುವುದೂ ನ್ಯಾಯವಲ್ಲ. ಎರಡು ವಿಷಯಗಳಲ್ಲಿ ಅದಕ್ಕೆ ಗೌರವ ಸಲ್ಲಬೇಕು. ಹೆಸರನ್ನಿಟ್ಟವರು ವ್ಯಾಪಾರಿಗಳಲ್ಲ, ತೊಡುವವರೇ. ಮಾರ್ಕುಗಳು ಈ ಅಭಿರುಚಿಗೆ ಸಾಮಗ್ರಿಯನ್ನು ಒದಗಿಸಿದ್ದವು, ಆದರೆ ಅಭಿರುಚಿಯ ವ್ಯಾಕರಣವನ್ನು ಬರೆದವರು ಸಾಮಾನ್ಯ ಹೆಣ್ಣುಮಕ್ಕಳು. ಹಳೆಯ ಬಟ್ಟೆಯನ್ನು ತೊಡುವುದು, ಕೈಯಿಂದ ಹೆಣೆಯುವುದು, ಹರಿದುದನ್ನು ಹೊಲಿದುಕೊಳ್ಳುವುದು ನಾಚಿಕೆಯ ಸಂಗತಿಯಲ್ಲ, ಹೆಮ್ಮೆಯದು ಎಂಬ ಭಾವವನ್ನು ಅವರು ಹೊಸದಾಗಿ ಪ್ರತಿಷ್ಠಿಸಿದರು. ಇದು ರೂಪದಿಂದ ಕ್ರಮದ ಕಡೆಗೆ ಇಟ್ಟ ಹೆಜ್ಜೆ. ಆ ಹೆಜ್ಜೆಯನ್ನು ಮುಂದುವರಿಸಲು ಮಾರುಕಟ್ಟೆ ಅವಕಾಶ ಕೊಡಲಿಲ್ಲ. ಪ್ರಚಾರ ಹೆಚ್ಚಿದಂತೆ ಅಜ್ಜಿಯ ಪೆಟ್ಟಿಗೆಯ ಬದಲು ಅಜ್ಜಿಯ ಪೆಟ್ಟಿಗೆಯಿಂದ ಬಂದಂತೆ ಕಾಣುವ ಹೊಸ ಸರಕು ಬಂದಿತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. 1925ರಲ್ಲಿ ಯಾನಗಿ ಸೊಯೆತ್ಸು ಮತ್ತು ಅವರ ಗೆಳೆಯರು ‘ಮಿಂಗೇಯಿ’ ಎಂಬ ಶಬ್ದವನ್ನು ಬಳಕೆಗೆ ತಂದು, ಹೆಸರಿಲ್ಲದ ಕಸುಬುದಾರರು ನಿತ್ಯದ ಉಪಯೋಗಕ್ಕೆಂದು ಮಾಡಿದ ವಸ್ತುಗಳಲ್ಲಿಯೇ ಉತ್ತಮವಾದ ಸೌಂದರ್ಯವಿದೆಯೆಂದು ಪ್ರತಿಪಾದಿಸಿದರು. 1936ರಲ್ಲಿ ಟೋಕಿಯೊದಲ್ಲಿ ಅದಕ್ಕಾಗಿಯೇ ವಸ್ತುಸಂಗ್ರಹಾಲಯವೊಂದು ತೆರೆಯಿತು. ಅನಾಮಿಕತೆಯನ್ನು ಗುಣವೆಂದು ಹೊಗಳಿದ ಅದೇ ದೇಶದಲ್ಲಿ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅನಾಮಿಕತೆಯೇ ಒಂದು ಮಾರ್ಕಾಯಿತು. ಮುಜಿ ಎಂಬುದರ ಪೂರ್ಣ ಹೆಸರಿಗೆ ‘ಮಾರ್ಕಿಲ್ಲದ ಒಳ್ಳೆಯ ಸಾಮಾನು’ ಎಂದೇ ಅರ್ಥ. ಕುಶಲಕರ್ಮಿಯ ಹೆಸರು ಇಲ್ಲದಿರುವುದು ಬೇರೆ, ಅಂಗಡಿಯು ತನಗೆ ಹೆಸರಿಲ್ಲವೆಂದು ಹೆಸರಿಟ್ಟುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ವಸ್ತು ತಾನೇ ಮಾತಾಡುತ್ತದೆ, ಎರಡನೆಯದರಲ್ಲಿ ಮೌನವನ್ನು ಮಾರಲಾಗುತ್ತದೆ.

3

ಈಗ ನಮ್ಮ ನಾಡಿನ ನಿದರ್ಶನಕ್ಕೆ ಬರೋಣ. ಕನ್ನಡ ನಾಡಿನಲ್ಲಿ ಪ್ರಕೃತಿಯ ಹೆಸರನ್ನು ಹೇಳಿ ನಿಂತ ಉಡುಪಿಗೆ ಖಾದಿಯ ಪೂರ್ವೇತಿಹಾಸವಿದೆ. ನಂಜನಗೂಡಿನ ಬಳಿಯ ಬದನವಾಳಿನ ಖಾದಿ ಕೇಂದ್ರವು ಗಾಂಧೀಜಿಯವರು 1927ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕಾಲದ ನೆನಪನ್ನು ಹೊತ್ತು ನಿಂತಿದೆ. ಆದರೆ ಖಾದಿಯ ಆಧಾರ ಸ್ವರಾಜ್ಯ. ಕೈಯ ಕೆಲಸವೂ ಗಿಡದ ಬಣ್ಣವೂ ಜೊತೆಗೂಡಿ, ಅದಕ್ಕೊಂದು ಹೊಸ ರೂಪವೂ ಸಿಕ್ಕಿದ್ದು 1990ರ ದಶಕದಲ್ಲಿ, ಹೆಗ್ಗೋಡಿನ ಪರಿಸರದಲ್ಲಿ.

ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯಿಂದ ಪ್ರಸಿದ್ಧವಾದ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ನೇತೃತ್ವದಲ್ಲಿ ಚರಕವು ಮಹಿಳೆಯರ ಸಹಕಾರ ಸಂಘವಾಗಿ ರೂಪುಗೊಂಡಿತು. ನೂಲಿಗೆ ಬಣ್ಣ ಕಟ್ಟುವುದು, ನೇಯುವುದು, ಹೊಲಿಯುವುದು ಎಲ್ಲವನ್ನೂ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ಕಲಿತು ನಡೆಸಿದರು. ಮಾರಾಟಕ್ಕೆ ‘ದೇಸಿ’ ಎಂಬ ಹೆಸರಿನ ಅಂಗಡಿಗಳು ನಗರಗಳಲ್ಲಿ ತೆರೆದುವು. ಮಲೆನಾಡು ಪರಂಪರೆಯ ನೇಯ್ಗೆಯ ಸೀಮೆಯಲ್ಲ. ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರುಗಳಂತೆ ಮಗ್ಗದ ಸದ್ದಿನಲ್ಲಿ ಹುಟ್ಟಿದ ಊರುಗಳು ಅಲ್ಲಿ ಇರಲಿಲ್ಲ. ಆದುದರಿಂದ ಚರಕದ ಸಾಧನೆಯು ಪುನರುಜ್ಜೀವನವಲ್ಲ, ಹೊಸ ನಾಟಿ ಎಂಬುದನ್ನು ಮರೆಯಬಾರದು.

ಈ ನಾಟಿಗೆ ನೆಲದ ಬಣ್ಣ ಸಿಕ್ಕಿದುದು ಅಡಿಕೆಯ ಚೊಗರಿನಿಂದ. ಎಳೆಯ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುವಾಗ ಇಳಿಯುವ ಕೆಂಗಂದು ರಸವೇ ಚೊಗರು. ಅಡಿಕೆಗೆ ಮೆರುಗನ್ನು ಕೊಡಲು ಬಳಸುತ್ತಿದ್ದ ಈ ರಸದಲ್ಲಿರುವ ಒಗರು ದ್ರವ್ಯವು ಹತ್ತಿಯ ನೂಲನ್ನು ಹಿಡಿಯುತ್ತದೆ. ಪಟಿಕದೊಡನೆ ಒಂದು ಛಾಯೆ, ಕಬ್ಬಿಣದ ಅಂಶದೊಡನೆ ಇನ್ನೊಂದು ಕಪ್ಪು ಛಾಯೆ ಬರುತ್ತದೆ. ನೀಲಿ, ದಾಳಿಂಬೆಯ ಸಿಪ್ಪೆ ಮೊದಲಾದ ಬೇರೆ ಬಣ್ಣಗಳೂ ಬಳಕೆಯಲ್ಲಿದ್ದರೂ ಚೊಗರಿಗೆ ವಿಶೇಷವಾದ ಮಹತ್ತ್ವವಿದೆ. ಆ ಬಣ್ಣ ಆ ಸೀಮೆಯ ಬೆಳೆಯ ಉಪೋತ್ಪನ್ನ. ಅದಕ್ಕಾಗಿ ಬೇರೆ ಹೊಲ ಬೇಡ, ಬೇರೆ ನೀರು ಬೇಡ. ಬಟ್ಟೆಯನ್ನು ನೋಡಿ ಅದು ಯಾವ ಸೀಮೆಯದೆಂದು ಹೇಳಬಹುದಾದ ಗುಣವನ್ನು ಇದು ತಂದುಕೊಟ್ಟಿತು. ಈಚೆಗೆ ಕರಾವಳಿಯಲ್ಲಿ ಕದಿಕೆ ಟ್ರಸ್ಟು ಉಡುಪಿ ಸೀರೆಗಳಿಗೆ ಇದೇ ಚೊಗರನ್ನು ಬಳಸಿರುವುದರಿಂದ, ಈ ವಿದ್ಯೆಯು ಒಂದು ಸಂಸ್ಥೆಯ ಸ್ವತ್ತಾಗಿ ಉಳಿಯದೆ ಹರಡಿತೆಂದು ತಿಳಿಯುತ್ತದೆ. ಒಳ್ಳೆಯ ಕಸುಬಿನ ಲಕ್ಷಣವೇ ಇದು.

ದ್ರವ್ಯದಲ್ಲಿಯೂ ಕ್ರಮದಲ್ಲಿಯೂ ಚರಕವು ಜಪಾನಿನ ಜನಪ್ರಿಯ ಮಾರ್ಕುಗಳಿಗಿಂತ ಬಹಳ ಮುಂದಿದೆ. ಆದರೆ ವಿಮರ್ಶಕನ ಕರ್ತವ್ಯ ಅಲ್ಲಿಗೆ ಮುಗಿಯುವುದಿಲ್ಲ. ರೂಪದ ಕಡೆಗೆ ನೋಡಿದರೆ, ದೇಸಿಯ ಜುಬ್ಬ ಮತ್ತು ಕುರ್ತಾಗಳು ಕಾಲಕ್ರಮದಲ್ಲಿ ಲೇಖಕರು, ಅಧ್ಯಾಪಕರು, ರಂಗಕರ್ಮಿಗಳು ಇವರ ಗುರುತಿನ ಚೀಟಿಯಂತಾದುವು. ಸಭೆಯೊಂದರಲ್ಲಿ ಆ ಬಣ್ಣದ ಜುಬ್ಬವನ್ನು ಕಂಡರೆ ತೊಟ್ಟವರ ಅಭಿಪ್ರಾಯಗಳನ್ನು ಅರ್ಧ ಊಹಿಸಬಹುದು ಎಂಬ ಮಾತು ತಮಾಷೆಯದಾದರೂ ಸುಳ್ಳಲ್ಲ. ಒಂದು ವರ್ಗದ ಒಲವಿನ ಮೇಲೆ ನಿಂತ ಕಸುಬು ಆ ವರ್ಗದ ಕೈಚೀಲ ಬಿಗಿಯಾದೊಡನೆ ತತ್ತರಿಸುತ್ತದೆ. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಮಾರಾಟ ನಿಂತು ಸರಕು ಉಳಿದಾಗ ಚರಕವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಘೋಷಿಸಿತು. ಅದಕ್ಕೆ ಮೊದಲೇ, 2017ರಲ್ಲಿ, ಕೈ ಉತ್ಪನ್ನಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ಸಂಪೂರ್ಣ ವಿನಾಯಿತಿ ಬೇಕೆಂದು ಪ್ರಸನ್ನ ಅವರು ಸತ್ಯಾಗ್ರಹ ಹೂಡಿ ಉಪವಾಸ ಕುಳಿತಿದ್ದರು. ಈ ಎರಡು ಘಟನೆಗಳನ್ನು ಒಟ್ಟಿಗೆ ಓದಬೇಕು. ಬಟ್ಟೆ ಎಷ್ಟೇ ಶುದ್ಧವಾಗಿರಲಿ, ಅದನ್ನು ನೇಯ್ದ ಕೈಗೆ ತಿಂಗಳು ತಿಂಗಳು ಕೂಲಿ ಸಲ್ಲುವ ಏರ್ಪಾಡು ಭದ್ರವಾಗಿಲ್ಲದಿದ್ದರೆ ‘ಕ್ರಮ’ ಎಂದು ನಾವು ಕರೆದುದು ಅರ್ಧವೇ ಉಳಿಯುತ್ತದೆ. ಇದು ಆ ಸಂಸ್ಥೆಯ ಮೇಲಿನ ದೋಷಾರೋಪಣೆಯಲ್ಲ. ತನ್ನ ಕಷ್ಟವನ್ನು ಮುಚ್ಚಿಡದೆ ಹೇಳಿಕೊಂಡ ಸಂಸ್ಥೆಯಿಂದಲೇ ಇತರರು ಕಲಿಯಲು ಸಾಧ್ಯ.

4

ಮೂರನೆಯ ನಿದರ್ಶನಕ್ಕೆ ಚಿಕ್ಕನಾಯಕನಹಳ್ಳಿಯಿಂದ ದೂರ ಹೋಗಬೇಕಾಗಿಲ್ಲ. ಹಾಗಲವಾಡಿಯ ನಾಯಕರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಊರನ್ನು ಇಂದು ಜನ ತೆಂಗಿನಿಂದ ಗುರುತಿಸುತ್ತಾರೆ. ತಿಪಟೂರಿನ ಕೊಬ್ಬರಿಯ ಹರಾಜಿನ ಧಾರಣೆಯೇ ಈ ಸೀಮೆಯ ನಾಡಿ. ಆದರೆ ತೋಟಗಳಾಚೆಗೆ ಒಣನೆಲವಿದೆ, ಕುರಿಯ ಹಿಂಡುಗಳಿವೆ. 1800ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸಕಥನವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ತೋಟಗಾರಿಕೆಯ ಜೊತೆಗೆ ನೇಯ್ಗೆಯ ಕಡೆಗೂ ಅವರು ಗಮನವಿಟ್ಟಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರು ತುಮಕೂರು ಜಿಲ್ಲೆಯ ತಯಾರಿಕೆಗಳೆಂದು ಹೇಳುವಾಗ ದಪ್ಪ ಹತ್ತಿ ಬಟ್ಟೆ, ಕಂಬಳಿ, ಹಗ್ಗ ಇವನ್ನೇ ಹೆಸರಿಸುತ್ತದೆ. ಹತ್ತಿಯನ್ನು ದೇವಾಂಗ ಮುಂತಾದ ನೇಕಾರರೂ ಉಣ್ಣೆಯನ್ನು ಕುರುಬರೂ ನೇಯ್ದರು. ಹಗ್ಗಕ್ಕೆ ತೆಂಗಿನ ನಾರಿತ್ತು. ಮೂರು ಕಸುಬುಗಳೂ ಈ ನೆಲದಲ್ಲಿ ಸಿಗುವುದನ್ನು ಆಧರಿಸಿದುವು.

ಕಂಬಳಿಯನ್ನು ನಮ್ಮ ಮೂರು ಬಗೆಗಳಿಂದ ಪರೀಕ್ಷಿಸಿ ನೋಡಬಹುದು. ದ್ರವ್ಯವು ದಖನಿ ಕುರಿಯ ಒರಟು ಉಣ್ಣೆ. ಹೆಂಗಸರು ಅದನ್ನು ಹಿಂಜಿ ಕದಿರಿನಲ್ಲೋ ರಾಟೆಯಲ್ಲೋ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ಬಲಗೊಳಿಸಿ ಗುಂಡಿಮಗ್ಗದಲ್ಲಿ ನೇಯುತ್ತಾರೆ. ಬಣ್ಣವೆಂದರೆ ಕುರಿಯ ಮೈಯ ಬಣ್ಣವೇ. ಕರಿಯದು, ಕಂದು, ಬಿಳಿಯದು. ಬಣ್ಣ ಕಟ್ಟುವ ಪ್ರಶ್ನೆಯೇ ಇಲ್ಲ. ಒದ್ದೆಯಾದರೂ ಬೆಚ್ಚಗಿರುವ ಗುಣ ಈ ಉಣ್ಣೆಗಿದೆ. ಮಳೆಯಲ್ಲಿ ತಲೆಯ ಮೇಲೆ ಕೊಪ್ಪೆಯಾಗಿ, ಹಗಲು ಹೆಗಲ ಮೇಲೆ ಹೊದಿಕೆಯಾಗಿ, ರಾತ್ರಿ ಹಾಸಿಗೆಯಾಗಿ, ಸುಗ್ಗಿಯಲ್ಲಿ ಕಾಳು ಹರಡುವ ಹಾಸಾಗಿ ಒಂದೇ ಬಟ್ಟೆ ನಡೆಯುತ್ತದೆ. ಪೂಜೆಯಲ್ಲಿ ಕಂಬಳಿಯ ಗದ್ದುಗೆಗೆ ಸಲ್ಲುವ ಗೌರವವನ್ನು ಬಲ್ಲವರು, ಅದು ಬರಿಯ ಬಡವರ ಹೊದಿಕೆಯಲ್ಲವೆಂಬುದನ್ನೂ ಬಲ್ಲರು. ಹರಿದ ಕಂಬಳಿ ಕಡೆಗೆ ಮಣ್ಣಿಗೇ ಸೇರುತ್ತದೆ.

ರೂಪ, ದ್ರವ್ಯ, ಕ್ರಮ ಮೂರೂ ಕೂಡಿರುವ ಉಡುಪು ಇದೊಂದೇ ಎನ್ನಬಹುದು. ಜಪಾನಿನ ಕಾಡಿನ ಹುಡುಗಿ ತನ್ನ ಪಟ್ಟಿಯಲ್ಲಿ ಬರೆದಿಟ್ಟ ಲಕ್ಷಣಗಳಲ್ಲಿ ಬಹುಭಾಗ, ಎಂದರೆ ಸಡಿಲವಾದ ಹೊದಿಕೆ, ಉಣ್ಣೆ, ಮಣ್ಣಿನ ಬಣ್ಣ, ಕೈಯ ಕೆಲಸ, ಹಳೆಯದರ ಮೇಲಿನ ಪ್ರೀತಿ ಇವು, ನಮ್ಮ ಕುರಿಗಾಹಿಯ ಹೆಗಲ ಮೇಲೆ ಯಾವ ಪಟ್ಟಿಯೂ ಇಲ್ಲದೆಯೇ ಇದ್ದುವು. ಆದರೂ ಅವನನ್ನು ಯಾರೂ ಪ್ರಕೃತಿಪ್ರೇರಿತ ಉಡುಪಿನವನೆಂದು ಕರೆಯಲಿಲ್ಲ. ಬಡವನೆಂದು ಕರೆದರು. ಒಂದೇ ಉಡುಪು ಆಯ್ಕೆಯಾದಾಗ ಶೈಲಿಯೆನಿಸಿಕೊಳ್ಳುತ್ತದೆ, ಅನಿವಾರ್ಯವಾದಾಗ ಬಡತನವೆನಿಸಿಕೊಳ್ಳುತ್ತದೆ. ಈ ಭೇದವನ್ನು ಕಾಣದ ವಿಮರ್ಶೆಯು ಕುರಿಗಾಹಿಯನ್ನು ಚಿತ್ರಪಟದಂತೆ ಗೋಡೆಗೆ ತೂಗುಹಾಕುವ ಅಪಾಯವಿದೆ. ಅವನ ಮಗನು ಕಂಬಳಿಯನ್ನು ಬಿಟ್ಟು ಬೇರೆ ಬಟ್ಟೆಯನ್ನು ತೊಟ್ಟರೆ ಅದನ್ನು ಆಕ್ಷೇಪಿಸಲು ನಮಗೆ ಅಧಿಕಾರವಿಲ್ಲ. ಅವನಿಗೆ ಬೇಕಾದುದು ಗೌರವದ ಜೀವನ. ಕಂಬಳಿಯು ಅದನ್ನು ಕೊಡಬಲ್ಲುದೇ ಎಂಬುದೇ ನಿಜವಾದ ಪ್ರಶ್ನೆ.

ಕಂಬಳಿಗೆ ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. 1985ರ ಕೈಮಗ್ಗ ಮೀಸಲಾತಿ ಅಧಿನಿಯಮದ ಕೆಳಗೆ ಕೈಮಗ್ಗಕ್ಕೇ ಮೀಸಲಿಟ್ಟ ವಸ್ತುಗಳು ಮೊದಲು 22 ಇದ್ದು ಅನಂತರ 11ಕ್ಕೆ ಇಳಿದುವು. ಆ 11ರಲ್ಲಿ ಕಂಬಳಿಯೂ ಒಂದು. ಎಂದರೆ ವಿದ್ಯುತ್ ಮಗ್ಗದವರು ಅದನ್ನು ನೇಯುವಂತಿಲ್ಲ. ಆದರೆ ಈ ರಕ್ಷಣೆಯ ಒಳತೂತು ಯಾರಿಗಾದರೂ ಕಾಣುವಂಥದು. ಕಾಯಿದೆಯು ಕಂಬಳಿಯ ನಕಲನ್ನು ತಡೆಯಬಲ್ಲದು, ಕಂಬಳಿಯ ಕೆಲಸವನ್ನು ಮಾಡುವ ಬೇರೊಂದು ಹೊದಿಕೆಯನ್ನು ತಡೆಯಲಾರದು. ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಗಳನ್ನು ಹಿಂಜಿ ಮತ್ತೆ ನೂತು ಮಾಡುವ ಅಗ್ಗದ ರಗ್ಗುಗಳು, ಕೃತಕ ನೂಲಿನ ಮೆತ್ತನೆಯ ಹೊದಿಕೆಗಳು ಸಂತೆಗೆ ಬಂದಾಗ ಕೊಳ್ಳುವವನು ಕಾಯಿದೆಯನ್ನು ನೋಡುವುದಿಲ್ಲ, ಬೆಲೆಯನ್ನು ನೋಡುತ್ತಾನೆ, ಮುಟ್ಟಿ ನೋಡುತ್ತಾನೆ. ಇತ್ತ ಮಾಂಸಕ್ಕೆ ಬೆಲೆ ಬಂದಂತೆ ಕುರಿಯ ಸಾಕಣೆಯು ಉಣ್ಣೆಯ ಲೆಕ್ಕವನ್ನು ಬಿಟ್ಟು ತೂಕದ ಲೆಕ್ಕಕ್ಕೆ ತಿರುಗುತ್ತದೆ. ಉಣ್ಣೆಗೆ ಧಾರಣೆ ಇಲ್ಲದಿದ್ದರೆ ಕತ್ತರಿಸುವ ಕೂಲಿಯೂ ಗಿಟ್ಟುವುದಿಲ್ಲ. ಹೀಗೆ ಮೇಲಿನಿಂದ ಮಾರುಕಟ್ಟೆಯೂ ಕೆಳಗಿನಿಂದ ಕಚ್ಚಾ ಸಾಮಗ್ರಿಯೂ ಜಾರುವಾಗ ನಡುವೆ ನಿಂತ ಮಗ್ಗ ಎಷ್ಟು ದಿನ ನಿಂತೀತು?

5

ಹಾಗಾದರೆ ಕಂಬಳಿಗೂ ಒಂದು ಮಾರ್ಕನ್ನು ಹಚ್ಚಿದರೆ ಸಾಕೇ? ಸರ್ಕಾರವು 2006ರಲ್ಲಿ ಕೈಮಗ್ಗದ ಗುರುತಿನ ಮುದ್ರೆಯನ್ನೂ 2015ರಲ್ಲಿ ‘ಇಂಡಿಯಾ ಹ್ಯಾಂಡ್‌ಲೂಮ್’ ಎಂಬ ಮಾರ್ಕನ್ನೂ ಹೊರಡಿಸಿತು. ಜಪಾನಿನ ಹೆಣ್ಣುಮಕ್ಕಳು ತಮ್ಮ ಶೈಲಿಗೆ ಹೆಸರಿಟ್ಟುಕೊಂಡ 2006ನೆಯ ಇಸವಿಯೇ ನಮ್ಮ ಮಗ್ಗಕ್ಕೆ ಸರ್ಕಾರದ ಮುದ್ರೆ ಬಂದ ಇಸವಿಯೂ ಆಗಿರುವುದು ಕೇವಲ ಕಾಕತಾಳೀಯ. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಪಾಠ ದೊರೆಯುತ್ತದೆ. ಒಂದರಲ್ಲಿ ತೊಡುವವರ ಉತ್ಸಾಹವಿತ್ತು, ನೇಯುವವರ ಭದ್ರತೆಯಿರಲಿಲ್ಲ. ಇನ್ನೊಂದರಲ್ಲಿ ನೇಯುವವರ ಪ್ರಮಾಣಪತ್ರವಿತ್ತು, ತೊಡುವವರ ಉತ್ಸಾಹವಿರಲಿಲ್ಲ. ಮಾರ್ಕು ಬಟ್ಟೆಯ ಸತ್ಯವನ್ನು ಸಾರಬಲ್ಲದು, ಆ ಸತ್ಯವನ್ನು ಬೇಕೆನ್ನುವ ಮನಸ್ಸನ್ನು ಹುಟ್ಟಿಸಲಾರದು.

ಈ ಸೀಮೆಯ ಮಟ್ಟಿಗೆ ಮಾಡಬಹುದಾದುದನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಮೊದಲನೆಯದಾಗಿ, ಕಂಬಳಿಯನ್ನು ಕಂಬಳಿಯಾಗಿಯೇ ಉಳಿಸಬೇಕೆಂಬ ಹಟ ಬೇಡ. ಮೈಗೆ ಚುಚ್ಚುವ ಉಣ್ಣೆ ಅಂಗಿಗೆ ಒಗ್ಗದಿದ್ದರೆ ನೆಲಹಾಸು, ಚೀಲ, ಕುರ್ಚಿಯ ಹೊದಿಕೆ, ಚಳಿಗಾಲದ ಮೇಲಂಗಿ ಇವುಗಳಿಗೆ ಒಗ್ಗುತ್ತದೆ. ಚರಕವು ಸೀರೆಗೆ ಅಂಟಿಕೊಳ್ಳದೆ ಕಾಲದ ಜನ ತೊಡುವ ಜುಬ್ಬವನ್ನು ಹೊಲಿದು ಬದುಕಿದುದು ಇಲ್ಲಿ ಮಾದರಿ. ಎರಡನೆಯದಾಗಿ, ಚೊಗರು ಮಲೆನಾಡಿಗೆ ಮಾತ್ರ ಸೇರಿದುದಲ್ಲ. ಈ ತಾಲ್ಲೂಕಿನಲ್ಲಿಯೂ ಅಡಿಕೆಯ ತೋಟಗಳಿವೆ. ತೆಂಗಿನ ಸಿಪ್ಪೆಯನ್ನು ನೆನೆಹಾಕಿದ ನೀರು ಕಂದಾಗುವುದನ್ನು ಕಾಣದವರು ಇಲ್ಲಿ ಯಾರೂ ಇಲ್ಲ. ಅದೂ ಒಗರು ದ್ರವ್ಯವೇ. ಇದು ಬಿಳಿಯ ಉಣ್ಣೆಯನ್ನೂ ಹತ್ತಿಯನ್ನೂ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂಬುದನ್ನು ರಸಾಯನಶಾಸ್ತ್ರದ ಅಧ್ಯಾಪಕರು ಪರೀಕ್ಷಿಸಿ ತಿಳಿಸಬಹುದು. ಮೂರನೆಯದು ನಮ್ಮ ಶಾಸ್ತ್ರಕ್ಕೇ ಸೇರಿದ ಕೆಲಸ. ಮಗ್ಗದ ಅಂಗಗಳ ಹೆಸರು, ಕಂಬಳಿಯ ಬಗೆಗಳ ಹೆಸರು, ಉಣ್ಣೆಯ ಬಣ್ಣದ ಛಾಯೆಗಳಿಗೆ ಕುರುಬರು ಇಟ್ಟಿರುವ ಹೆಸರು, ಸಂತೆಗಳ ದಾರಿ, ಕೂಲಿಯ ಲೆಕ್ಕ ಇವೆಲ್ಲ ಇಂದು ಹಿರಿಯರ ನಾಲಗೆಯ ಮೇಲೆ ಮಾತ್ರ ಇವೆ. ಇವನ್ನು ಸಂಗ್ರಹಿಸುವುದು ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಮಹತ್ತ್ವದ ಕೆಲಸ. ಶಾಸನವು ಇನ್ನೊಂದು ನೂರು ವರ್ಷ ಕಾಯಬಹುದು, ನಾಲಗೆ ಕಾಯಲಾರದು.

ಈ ವಿಚಾರಗಳಿಗೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕೈಯಿಂದ ಮಾಡಿದ ಬಟ್ಟೆ ತುಟ್ಟಿಯಾಗುತ್ತದೆ, ಬಡವರಿಗೆ ಗಿರಣಿಯ ಬಟ್ಟೆಯೇ ದಾನಿ, ಪ್ರಕೃತಿಯ ಮಾತು ಹೊಟ್ಟೆ ತುಂಬಿದವರ ಮಾತು ಎಂಬುದೇ ಆ ಆಕ್ಷೇಪ. ಇದರಲ್ಲಿ ಸತ್ಯವಿದೆ. ಗಿರಣಿಯ ಬಟ್ಟೆ ಬಂದುದರಿಂದ ಬಡವರ ಮೈ ಮುಚ್ಚಿತೆಂಬುದನ್ನು ಇತಿಹಾಸದ ವಿದ್ಯಾರ್ಥಿ ಅಲ್ಲಗಳೆಯಲಾರನು. ಆದರೆ ಅಗ್ಗ ಎಂಬುದಕ್ಕೂ ಒಂದು ಲೆಕ್ಕವಿದೆ. ವರ್ಷಕ್ಕೊಂದು ಕೊಂಡು ವರ್ಷದ ಕೊನೆಗೆ ಎಸೆಯುವ ಹೊದಿಕೆಗೂ ಹತ್ತಾರು ವರ್ಷ ಬಾಳುವ ಕಂಬಳಿಗೂ ಬೆಲೆಯನ್ನು ಹೋಲಿಸುವಾಗ ಬಾಳಿಕೆಯ ಕಾಲವನ್ನೂ ಭಾಗಿಸಬೇಕು. ಅಷ್ಟರ ಮೇಲೂ ಕೈಯ ಬಟ್ಟೆ ತುಟ್ಟಿಯೆಂದು ಕಂಡುಬಂದರೆ, ಆ ಹೆಚ್ಚಳವನ್ನು ಕೊಡಬಲ್ಲವರು ಕೊಡಬೇಕು. ಬಡವರು ಕೊಡಬೇಕೆಂದು ಯಾರೂ ಹೇಳಲಾರರು. ತಿಂಗಳ ಸಂಬಳದವರಾದ ನಾವು, ಅಧ್ಯಾಪಕರು ಮತ್ತು ನೌಕರರು, ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು.

ಒಟ್ಟಿನಲ್ಲಿ ಮೂರು ನಿದರ್ಶನಗಳಿಂದ ತಿಳಿಯುವುದಿಷ್ಟು. ಜಪಾನಿನ ಮಾರ್ಕುಗಳು ಪ್ರಕೃತಿಗೆ ರೂಪವನ್ನು ಕೊಟ್ಟು ಅದನ್ನು ಲಕ್ಷಾಂತರ ಜನ ಬಯಸುವಂತೆ ಮಾಡಿದುವು. ಆ ರೂಪದ ಹಿಂದೆ ನೆಲವಾಗಲಿ ನೇಕಾರನಾಗಲಿ ಬಹುಮಟ್ಟಿಗೆ ಇರಲಿಲ್ಲವಾಗಿ ಅದು ಬಂದಷ್ಟೇ ಬೇಗ ಹೋಯಿತು. ಚರಕವು ನೆಲವನ್ನೂ ನೇಕಾರಳನ್ನೂ ಮುಂದಿಟ್ಟು ಒಂದು ರೂಪವನ್ನು ಕಂಡುಕೊಂಡಿತು. ಕೊಳ್ಳುವವರ ವಲಯ ಕಿರಿದಾದುದರಿಂದ ಅದು ಕಷ್ಟಕ್ಕೆ ಸಿಲುಕಿತು. ಕಂಬಳಿಗೆ ಎಲ್ಲವೂ ಇದ್ದು, ಅದನ್ನು ಗೌರವದಿಂದ ಕಾಣುವ ಕಣ್ಣು ಮಾತ್ರ ಇಲ್ಲವಾಯಿತು. ಹೆಸರಿನಲ್ಲಿ ಕಾಡನ್ನಿಟ್ಟುಕೊಂಡ ಉಡುಪು ಕಾಡನ್ನು ಉಳಿಸುವುದಿಲ್ಲ. ಕುರಿ ಮೇಯುವ ಕಾವಲು, ಉಣ್ಣೆಗೆ ನ್ಯಾಯವಾದ ಧಾರಣೆ, ನೂಲುವವಳಿಗೆ ಕೂಲಿ, ಇವು ಉಳಿದರೆ ಉಡುಪು ಉಳಿಯುತ್ತದೆ. ನಮ್ಮ ವಿಮರ್ಶೆಯ ಅಳತೆಗೋಲು ಅಂಗಡಿಯ ಹಲಗೆಯಿಂದ ಮಗ್ಗದ ಗುಂಡಿಗೆ ಇಳಿಯಬೇಕಾದುದು ಈ ಕಾರಣದಿಂದಲೇ.